ಮಾಥೇರಾನ್: ಮೋಟಾರಿಲ್ಲದ ಊರಿನ ಹೆಗಲುಗಳು

ಮುಂಬಯಿಯಲ್ಲೋ ಪುಣೆಯಲ್ಲೋ ಒಂದು ತಲೆಮಾರು ಕಳೆದ ಕನ್ನಡಿಗರ ಮನೆಯ ಹಳೆಯ ಆಲ್ಬಮ್ಮುಗಳಲ್ಲಿ ಮಾಥೇರಾನಿನ ಒಂದು ಫೋಟೋ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕೆಂಪು ಮಣ್ಣಿನ ದಾರಿ, ಎರಡೂ ಬದಿಗೆ ದಟ್ಟ ಮರಗಳು, ಕುದುರೆಯ ಮೇಲೆ ಅಂಜಿಕೆ ಮತ್ತು ಖುಷಿ ಬೆರೆತ ಮುಖದ ಒಂದು ಮಗು. ಕುದುರೆಯ ಲಗಾಮು ಹಿಡಿದವನು ಚಿತ್ರದ ಅಂಚಿನಲ್ಲಿ ಅರ್ಧ ಮಾತ್ರ ಕಾಣುತ್ತಾನೆ. ಅವನ ಮುಖವನ್ನು ಚೌಕಟ್ಟಿನೊಳಗೆ ತರಬೇಕೆಂದು ಫೋಟೋ ತೆಗೆದವರಿಗೆ ತೋಚಿರುವುದಿಲ್ಲ. ನಮ್ಮ ಮನೆಯಲ್ಲೂ ಅಂಥದೊಂದು ಚಿತ್ರವಿದೆ. ಈಚೆಗೆ ಆ ಊರಿನ ಚರಿತ್ರೆಯನ್ನು ಓದುತ್ತ ಹೋದಂತೆ, ಚಿತ್ರದ ಅಂಚಿಗೆ ಸರಿದ ಆ ಮನುಷ್ಯನೇ ಊರಿನ ಸುಮಾರು ನೂರ ಎಪ್ಪತ್ತೈದು ವರ್ಷಗಳ ಕಥೆಯ ನಡುವೆ ನಿಂತಿದ್ದಾನೆ ಎಂದು ನನಗೆ ಅನ್ನಿಸತೊಡಗಿತು. ಆ ಅನಿಸಿಕೆಯನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮಾಥೇರಾನ್ ಒಂದು ವಿಚಿತ್ರ ಊರು. ರಾಯಗಡ ಜಿಲ್ಲೆಯ ಕರ್ಜತ್ ತಾಲ್ಲೂಕಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮುಖ್ಯ ಸಾಲಿನಿಂದ ಕೊಂಚ ಬಿಡಿಸಿಕೊಂಡು ನಿಂತ ಚಪ್ಪಟೆ ತಲೆಯ ಗುಡ್ಡದ ಮೇಲೆ ಅದು ಇದೆ. 2011ರ ಜನಗಣತಿಯ ಪ್ರಕಾರ ನಿವಾಸಿಗಳ ಸಂಖ್ಯೆ ಐದು ಸಾವಿರವನ್ನೂ ಮುಟ್ಟುವುದಿಲ್ಲ. ಆದರೆ ಶನಿವಾರ ಭಾನುವಾರಗಳಲ್ಲಿ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೋಡಲು ‘ಪಾಯಿಂಟು’ಗಳೇ ಮೂವತ್ತೆಂಟಂತೆ. ಒಂದರಲ್ಲಿ ಸೂರ್ಯ ಹುಟ್ಟುತ್ತಾನೆ, ಇನ್ನೊಂದರಲ್ಲಿ ಮುಳುಗುತ್ತಾನೆ, ಮತ್ತೊಂದರಲ್ಲಿ ನಾವು ಕೂಗಿದ್ದನ್ನು ಕಣಿವೆ ಹಿಂದಕ್ಕೆ ಕೂಗುತ್ತದೆ. ಚಿಕ್ಕಿಯ ಅಂಗಡಿಗಳು, ಚರ್ಮದ ಚಪ್ಪಲಿಯ ಅಂಗಡಿಗಳು, ಬಲೂನಿಗೆ ಗುರಿಯಿಡುವ ಬಂದೂಕಿನ ಆಟ, ಕೈಯಲ್ಲಿದ್ದ ಪೊಟ್ಟಣವನ್ನು ಕಸಿದುಕೊಂಡು ಓಡುವ ಕೋತಿಗಳು, ಒಲಿಂಪಿಯಾ ಎಂಬ ಭಾರೀ ಹೆಸರಿನ ಕುದುರೆ ಜೂಜಿನ ಬಯಲು, ಇವೆಲ್ಲದರ ನಡುವೆ ಆಟಿಕೆಯಂತೆ ಬಂದು ನಿಲ್ಲುವ ಪುಟ್ಟ ರೈಲು. ಮತ್ತು ಇವೆಲ್ಲಕ್ಕಿಂತ ವಿಶೇಷವಾದದ್ದು, ಇಲ್ಲಿ ಇಲ್ಲದೆ ಇರುವ ಒಂದು ವಸ್ತು: ಮೋಟಾರು ವಾಹನ. ನೇರಳ್‌ನಿಂದ ಮೇಲೇರುವ ಕಾರು, ವ್ಯಾನುಗಳೆಲ್ಲ ದಸ್ತುರಿ ನಾಕಾದಲ್ಲಿ ನಿಲ್ಲಲೇಬೇಕು. ಅಲ್ಲಿಂದ ಪೇಟೆಗೆ ಎರಡೂವರೆ ಕಿಲೋಮೀಟರಿಗೂ ಹೆಚ್ಚು ದೂರ. ಕಾಲ್ನಡಿಗೆ, ಕುದುರೆ, ಪುಟ್ಟ ರೈಲು, ಇಲ್ಲವೇ ಮನುಷ್ಯರು ಎಳೆಯುವ ಕೈರಿಕ್ಷಾ, ತೀರ ಈಚಿನವರೆಗೆ ಇದ್ದದ್ದು ಈ ನಾಲ್ಕೇ ದಾರಿ.

‘ಮಾಥಾ’ ಎಂದರೆ ತಲೆ, ‘ರಾನ್’ ಎಂದರೆ ಕಾಡು. ತಲೆಯ ಮೇಲೆ ಕಾಡು ಹೊತ್ತ ಗುಡ್ಡ ಎಂಬುದು ಹೆಸರಿಗೆ ಸಾಮಾನ್ಯವಾಗಿ ಹೇಳುವ ಅರ್ಥ. ಊರಿನ ಹುಟ್ಟಿನ ಕಥೆಯನ್ನು ಎಲ್ಲ ಪ್ರವಾಸಿ ಕೈಪಿಡಿಗಳೂ 1850ರ ಮೇ ತಿಂಗಳಿನಿಂದ ಆರಂಭಿಸುತ್ತವೆ. ಆಗ ಠಾಣೆ ಜಿಲ್ಲೆಯ ಕಲೆಕ್ಟರಾಗಿದ್ದ ಹ್ಯೂ ಪಾಯಿಂಟ್ಜ್ ಮ್ಯಾಲೆಟ್ ಬೆಟ್ಟದ ಬುಡದ ಚೌಕ್ ಎಂಬ ಹಳ್ಳಿಯಲ್ಲಿ ಬಿಡಾರ ಹೂಡಿದ್ದ. ಸೆಕೆಯ ದಿನಗಳು. ಗುಡ್ಡ ಹತ್ತಿ ನೋಡಿದವನಿಗೆ ಮೇಲೆ ತಂಪು ಗಾಳಿ, ನೆರಳು, ನೀರು ಎಲ್ಲವೂ ಸಿಕ್ಕವು. ಆತ ಮತ್ತೆ ಬಂದ, ದಾರಿ ಮಾಡಿಸಿದ, ಮನೆಯನ್ನೂ ಕಟ್ಟಿಸಿದ. ಆ ಮನೆಯ ಹೆಸರು ‘ದಿ ಬೈಕ್’. ಇಂದು ಅದೊಂದು ಹೋಟೆಲು. ಬೈಕಿಗೆ ಪ್ರವೇಶವಿಲ್ಲದ ಊರಿನ ಮೊದಲ ಬಂಗಲೆಗೆ ಅದೇ ಹೆಸರಿರುವುದು ಕನ್ನಡದಲ್ಲಿ ಓದುವ ನಮಗೆ ಮಾತ್ರ ಸಿಗುವ ಒಂದು ಪುಟ್ಟ ವಿನೋದ.

‘ಮ್ಯಾಲೆಟ್ ಮಾಥೇರಾನನ್ನು ಕಂಡುಹಿಡಿದ’ ಎಂಬ ವಾಕ್ಯವನ್ನು ಓದುವಾಗ ಕೊಂಚ ನಿಲ್ಲಬೇಕು. ಧನಗರರು, ಠಾಕರರು, ಕಾತಕರಿಗಳು ಈ ಗುಡ್ಡದ ಮೇಲೂ ಇಳಿಜಾರುಗಳಲ್ಲೂ ಮೊದಲಿನಿಂದಲೇ ಇದ್ದವರು. ದನ ಮೇಯಿಸಿದವರು, ಸೌದೆ ಜೇನು ತಂದವರು, ಯಾವ ಝರಿ ಬೇಸಗೆಯಲ್ಲೂ ಬತ್ತುವುದಿಲ್ಲ ಎಂದು ಬಲ್ಲವರು. ಇಂದು ಷಾರ್ಲೆಟ್ ಎಂಬ ಹೆಸರಿನ ಕೆರೆಯ ದಂಡೆಯ ಮೇಲಿರುವ ಪಿಸರನಾಥ ಅವರ ಗ್ರಾಮದೇವತೆ. ಕಾಡಿಗೆ ಹೊಕ್ಕ ಕಲೆಕ್ಟರಿಗೆ ಕಂಡದ್ದು ಬೇರೆಯವರು ನಡೆದು ಸವೆಸಿದ ಕಾಲುದಾರಿಗಳೇ. ಆದರೆ ಸರ್ಕಾರದ ಕಾಗದದಲ್ಲಿ ನಮೂದಾದ ಮೇಲೆಯೇ ಒಂದು ಸ್ಥಳ ‘ಇದೆ’ ಎಂದಾಗುತ್ತದೆ. ಕಡತಗಳ ನಡುವೆಯೇ ವೃತ್ತಿಜೀವನ ಕಳೆಯುತ್ತಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಹೆಸರಿಡುವ ಕೆಲಸವೂ ಹಾಗೆಯೇ ನಡೆಯಿತು. ಗುಡ್ಡದ ಅಂಚುಗಳಿಗೆಲ್ಲ ಲೂಯಿಸಾ, ಅಲೆಕ್ಸಾಂಡರ್, ಪನೋರಮಾ, ಎಕೋ, ಮಂಕಿ, ಪಾರ್ಕ್ಯುಪೈನ್ ಎಂದು ಹೆಸರುಗಳು ಬಿದ್ದವು. ಬ್ರಿಟಿಷ್ ಹೆಂಗಸರ, ರಾಜಕುಮಾರರ, ಪ್ರಾಣಿಗಳ ಹೆಸರುಗಳೆಲ್ಲ ನಕಾಶೆಗೆ ಬಂದವು. ದಾರಿ ತೋರಿದವರ ಹೆಸರು ಬರಲಿಲ್ಲ. ಹಳೆಯ ನೆನಪು ಅಲ್ಲಲ್ಲಿ ಉಳಿದಿರುವುದು ಒನ್ ಟ್ರೀ ಹಿಲ್‌ನ ಬಳಿಯಿಂದ ಇಳಿಯುವ ‘ಶಿವಾಜಿ ಏಣಿ’ಯಂಥ ಕಡಿದಾದ ದಾರಿಯಲ್ಲಿ, ಲೂಯಿಸಾ ಪಾಯಿಂಟಿನಿಂದ ಎದುರಿಗೆ ಕಾಣುವ ಪ್ರಬಲಗಡದಲ್ಲಿ, ‘ಚೌಕ್’ ಎಂದು ಹಳ್ಳಿಯ ಹೆಸರನ್ನೇ ಉಳಿಸಿಕೊಂಡ ಪಾಯಿಂಟಿನಲ್ಲಿ. ನಾವು ಎಕೋ ಪಾಯಿಂಟಿನಲ್ಲಿ ನಿಂತು ಮಕ್ಕಳ ಹೆಸರನ್ನು ಕೂಗುತ್ತೇವೆ. ಕಣಿವೆ ಯಾರು ಕೂಗಿದರೂ ಮರುನುಡಿಯುತ್ತದೆ. ಚರಿತ್ರೆಗೆ ಆ ಔದಾರ್ಯವಿಲ್ಲ.

1853ರಿಂದ 1860ರವರೆಗೆ ಮುಂಬಯಿಯ ಗವರ್ನರನಾಗಿದ್ದ ಲಾರ್ಡ್ ಎಲ್ಫಿನ್‌ಸ್ಟನ್ ಈ ಗುಡ್ಡಕ್ಕೆ ಮನಸೋತು ಇಲ್ಲಿ ತನಗೊಂದು ನಿವಾಸವನ್ನು ಮಾಡಿಕೊಂಡ. ಪ್ರಭಾದೇವಿ ಎಂದು ಈಗ ಕರೆಯುವ ಮುಂಬಯಿಯ ಲೋಕಲ್ ರೈಲು ನಿಲ್ದಾಣ ತೀರ ಈಚಿನವರೆಗೆ ಹೊತ್ತಿದ್ದ ಎಲ್ಫಿನ್‌ಸ್ಟನ್ ಹೆಸರು ಇವನದೇ. ಗವರ್ನರನೇ ಬಂದ ಮೇಲೆ ಉಳಿದವರು ಬಾರದೆ ಇರುತ್ತಾರೆಯೆ? 1828ರಷ್ಟು ಹಿಂದೆಯೇ ಗವರ್ನರ್ ಜಾನ್ ಮಾಲ್ಕಮ್ ನೆಲೆಗೊಳಿಸಿದ್ದ ಮಹಾಬಳೇಶ್ವರ ದೂರದ್ದು, ಮಾಥೇರಾನಾದರೋ ಕೈಗೆಟಕುವಂಥದು. 1856ರ ಮೇ ತಿಂಗಳಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಕಲ್ಯಾಣದಿಂದ ಖೋಪೋಲಿಯವರೆಗೆ ತೆರೆದುಕೊಂಡಾಗ, ನಡುವಿನ ನೇರಳ್ ಹಳ್ಳಿ ಮಾಥೇರಾನಿನ ಹೆಬ್ಬಾಗಿಲಾಯಿತು. ಬೆಳಿಗ್ಗೆ ಮುಂಬಯಿಯಲ್ಲಿ ರೈಲು ಹತ್ತಿದವರು ಅದೇ ದಿನ ಗುಡ್ಡದ ಮೇಲೆ ಇರಬಹುದಾಗಿತ್ತು. ಆಂಗ್ಲ ಅಧಿಕಾರಿಗಳ ಬೆನ್ನಿಗೇ ಪಾರ್ಸಿ, ಬೋಹ್ರಾ, ಗುಜರಾತಿ ವರ್ತಕರೂ ಇಲ್ಲಿ ಬಂಗಲೆಗಳನ್ನು ಕಟ್ಟಿಸಿಕೊಂಡರು.

ನೇರಳ್‌ವರೆಗೆ ರೈಲು ಸರಿ, ಅಲ್ಲಿಂದ ಮೇಲೆ? ಏಳು ಮೈಲಿಯಷ್ಟು ಏರುದಾರಿ. ಸವಾರಿ ಬಲ್ಲವರು ಕುದುರೆಯ ಮೇಲೆ ಹೋದರು. ಉಳಿದವರು ಪಲ್ಲಕ್ಕಿಯಲ್ಲೋ ಬೊಂಬಿಗೆ ಕಟ್ಟಿದ ಕುರ್ಚಿಯಲ್ಲೋ ಕೂತು ಹೋದರು. ಅವರ ಪೆಟ್ಟಿಗೆ, ಹಾಸಿಗೆ, ಅಡುಗೆಯ ಪಾತ್ರೆ, ಗಾಜಿನ ದೀಪ, ಪುಸ್ತಕ ಎಲ್ಲವೂ ಕೂಲಿಗಳ ತಲೆಯ ಮೇಲೆ ಹೋದವು. ಮಾಥೇರಾನಿನ ಬಂಗಲೆಗಳನ್ನು ನೋಡುವಾಗ ನಾವು ಕಮಾನು, ಮರದ ಕೆತ್ತನೆ, ಉದ್ದನೆಯ ಜಗುಲಿ ಇವನ್ನು ಮೆಚ್ಚುತ್ತೇವೆ. ಅಲ್ಲಿಗೆ ಗಾಡಿ ಹೋಗುತ್ತಿರಲಿಲ್ಲ ಎಂಬುದನ್ನು ನೆನೆದುಕೊಂಡು ಮತ್ತೊಮ್ಮೆ ನೋಡಿದರೆ ಆ ಕಟ್ಟಡಗಳೇ ಬೇರೆಯಾಗಿ ಕಾಣುತ್ತವೆ. ಕೆಳಗಿನಿಂದ ಬಂದ ಪ್ರತಿಯೊಂದು ತೊಲೆ, ಪ್ರತಿಯೊಂದು ಕಿಟಕಿಯ ಗಾಜು, ಯಾವುದೋ ಪ್ರಾಣಿಯ ಇಲ್ಲವೇ ಮನುಷ್ಯನ ಬೆನ್ನೇರಿಯೇ ಬಂದದ್ದು.

ಈ ಭಾರವನ್ನು ಯಂತ್ರಕ್ಕೆ ವರ್ಗಾಯಿಸುವ ಮೊದಲ ದೊಡ್ಡ ಪ್ರಯತ್ನವೇ ಪುಟ್ಟ ರೈಲು. ಸರ್ ಆದಮ್‌ಜಿ ಪೀರ್‌ಭಾಯ್ ಬೋಹ್ರಾ ಸಮುದಾಯದ ದೊಡ್ಡ ಉದ್ಯಮಿ. ಬಾಲ್ಯದಲ್ಲಿ ಮುಂಬಯಿಯ ಬೀದಿಗಳಲ್ಲಿ ಬೆಂಕಿಪೊಟ್ಟಣ ಮಾರಿದವರು ಎಂದು ಅವರ ಬಗ್ಗೆ ಹೇಳುತ್ತಾರೆ. ಮುಂದೆ ಸೇನೆಗೆ ಡೇರೆಗಳನ್ನು ಒದಗಿಸಿ ಶ್ರೀಮಂತರಾದರು, ಧಾರಾವಿಯಲ್ಲಿ ಚರ್ಮ ಹದಮಾಡುವ ಕಾರ್ಖಾನೆ ನಡೆಸಿದರು, ಮುಂಬಯಿಯ ಶೆರೀಫರಾದರು, 1907ರ ಡಿಸೆಂಬರಿನಲ್ಲಿ ಕರಾಚಿಯಲ್ಲಿ ನಡೆದ ಮುಸ್ಲಿಂ ಲೀಗಿನ ಅಧಿವೇಶನದ ಅಧ್ಯಕ್ಷತೆಯನ್ನೂ ವಹಿಸಿದರು. ಅವರ ಮಗ ಅಬ್ದುಲ್ ಹುಸೇನ್ ನೇರಳ್‌ನಿಂದ ಮಾಥೇರಾನಿಗೆ ಹಳಿ ಹಾಕುವ ಕೆಲಸವನ್ನು ಕೈಗೆತ್ತಿಕೊಂಡರು. 1904ರಲ್ಲಿ ಶುರುವಾದ ಕಾಮಗಾರಿ ಮುಗಿದು 1907ರ ಮಾರ್ಚ್ 22ರಂದು ರೈಲು ಓಡಿತು. ಖರ್ಚು ಸುಮಾರು 16 ಲಕ್ಷ ರೂಪಾಯಿ.

ತಂತ್ರಜ್ಞಾನದ ದೃಷ್ಟಿಯಿಂದ ಇದು ಸಣ್ಣ ಸಾಧನೆಯಲ್ಲ. ಎರಡು ಹಳಿಗಳ ನಡುವೆ ಬರೀ ಎರಡು ಅಡಿ ಅಂತರ. ಸುಮಾರು 20 ಕಿಲೋಮೀಟರ್ ಉದ್ದದಲ್ಲಿ ಬಯಲಿನಿಂದ 800 ಮೀಟರ್ ಎತ್ತರಕ್ಕೆ ಏರಬೇಕು. ಕೆಲವೆಡೆ ಇಪ್ಪತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಕಡಿದು. ಊಟಿಯ ರೈಲಿನಲ್ಲಿರುವಂತೆ ಇಲ್ಲಿ ಹಲ್ಲುಹಳಿಯ ಆಸರೆಯಿಲ್ಲ. ಬಾರ್ಸಿ ಲೈಟ್ ರೈಲ್ವೆಯಿಂದ ಹೆಸರಾದ ಎವರಾರ್ಡ್ ಕ್ಯಾಲ್ಥ್ರಾಪ್‌ನ ಸಲಹೆಯಂತೆ ಜರ್ಮನಿಯ ಒರೆನ್‌ಸ್ಟೈನ್ ಮತ್ತು ಕೊಪ್ಪೆಲ್ ಕಂಪನಿ ತಯಾರಿಸಿದ ಉಗಿಯಂತ್ರಗಳಲ್ಲಿ ಮುಂದಿನ ಹಿಂದಿನ ಗಾಲಿಗಳು ತಿರುವಿಗೆ ತಕ್ಕಂತೆ ಕೊಂಚ ಸರಿದುಕೊಳ್ಳುವ ಏರ್ಪಾಡಿತ್ತು. ಗುಡ್ಡವನ್ನು ಕೊರೆಯುವ ಬದಲು ಅದರ ಮೈಯನ್ನೇ ಸುತ್ತಿಕೊಂಡು ಹೋಗುವ ದಾರಿ. ಇಡೀ ಹಾದಿಗೆ ಒಂದೇ ಒಂದು ಸುರಂಗ. ಅದು ಎಷ್ಟು ಗಿಡ್ಡವೆಂದರೆ ಒಂದು ಮುತ್ತು ಕೊಡುವಷ್ಟೇ ಹೊತ್ತು ಕತ್ತಲೆ. ಹಾಗಾಗಿ ‘ಒನ್ ಕಿಸ್ ಟನೆಲ್’. ಜುಮ್ಮಾಪಟ್ಟಿ, ವಾಟರ್ ಪೈಪ್, ಅಮನ್ ಲಾಡ್ಜ್ ಎಂಬ ನಿಲ್ದಾಣಗಳ ಹೆಸರುಗಳನ್ನು ಮಕ್ಕಳು ಪದ್ಯದಂತೆ ಬಾಯಿಪಾಠ ಮಾಡುತ್ತಾರೆ. ಬಂಡವಾಳ ಹೂಡಿದವರ ಹೆಸರು ನಮಗೆ ಗೊತ್ತು, ಯಂತ್ರ ರೂಪಿಸಿದವರ ಹೆಸರು ಗೊತ್ತು. ಮೂರು ಮಳೆಗಾಲಗಳಲ್ಲಿ ಆ ಬಂಡೆಗಳನ್ನು ಒಡೆದವರ ಹೆಸರನ್ನು ಯಾವ ಫಲಕದ ಮೇಲೂ ಕಾಣೆ.

ರೈಲು ಬಂತು, ಹೊರುವವರ ಕೆಲಸ ಮುಗಿಯಿತೆ? ಇಲ್ಲ. ಏರುದಾರಿಯ ಹೊರೆ ಕಡಿಮೆಯಾಯಿತು, ಬಂದಿಳಿದವರ ಸಂಖ್ಯೆ ಹೆಚ್ಚಿತು. ರೈಲು ಪೇಟೆಯಲ್ಲಿ ನಿಲ್ಲುತ್ತದೆ. ಬಂಗಲೆಗಳು, ಹೋಟೆಲುಗಳು, ಪಾಯಿಂಟುಗಳು ಕಾಡಿನೊಳಗೆ ಮೈಲಿಗಟ್ಟಲೆ ಚದುರಿವೆ. ಮಳೆಗಾಲ ಬಂತೆಂದರೆ ರೈಲೇ ನಿಲ್ಲುತ್ತದೆ. ಮುಂದೆ ನೇರಳ್‌ನಿಂದ ದಸ್ತುರಿ ನಾಕಾದವರೆಗೆ ಮೋಟಾರು ರಸ್ತೆಯಾದಾಗಲೂ, ಅಲ್ಲಿಂದ ಒಳಗಿನ ಹಾದಿ ಮೊದಲಿನಂತೆಯೇ ಉಳಿಯಿತು. ಆ ಹಾದಿಯಲ್ಲಿ ಓಡಾಡಿದ್ದು ಕೈರಿಕ್ಷಾ.

ಕೈರಿಕ್ಷಾ ನಮ್ಮ ನೆಲದ ಪ್ರಾಚೀನ ವಸ್ತುವೇನಲ್ಲ. ಜಪಾನಿನಲ್ಲಿ ರೂಪುಗೊಂಡು, 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸಿಮ್ಲಾದಂಥ ಗಿರಿಧಾಮಗಳಿಗೆ ಬಂದದ್ದು. ಇಂಗ್ಲಿಷ್ ಎಂ.ಎ. ಓದುವಾಗ ರಡ್ಯಾರ್ಡ್ ಕಿಪ್ಲಿಂಗನ ‘ದಿ ಫ್ಯಾಂಟಮ್ ರಿಕ್ಷಾ’ ಎಂಬ ಸಿಮ್ಲಾದ ದೆವ್ವದ ಕಥೆಯನ್ನು ಓದಿದ್ದೆ. ಪ್ರೇಮಿಯಿಂದ ತಿರಸ್ಕೃತಳಾಗಿ ಸತ್ತ ಮಹಿಳೆಯೊಬ್ಬಳು ರಿಕ್ಷಾದಲ್ಲಿ ಕೂತು ಅವನನ್ನು ಕಾಡುವ ಕಥೆ. ಆಗ ನನ್ನ ಗಮನವೆಲ್ಲ ಆ ಮಹಿಳೆಯ ಮೇಲಿತ್ತು. ಈಚೆಗೆ ಮತ್ತೆ ಓದಿದಾಗ ಕಂಡದ್ದು ರಿಕ್ಷಾ ಎಳೆಯುವ ನಾಲ್ವರು. ಅವರೆಲ್ಲ ಅಣ್ಣತಮ್ಮಂದಿರು, ಹರಿದ್ವಾರಕ್ಕೆ ಹೋಗುವ ದಾರಿಯಲ್ಲಿ ಕಾಲರಾದಿಂದ ಸತ್ತವರು ಎಂದು ಕಥೆಯಲ್ಲಿ ಒಂದೇ ಮಾತಿನಲ್ಲಿ ಬಂದುಹೋಗುತ್ತದೆ. ಸತ್ತ ಮೇಲೂ ಆ ನಾಲ್ವರು ಅದೇ ಕಪ್ಪು ಬಿಳುಪಿನ ಸಮವಸ್ತ್ರ ತೊಟ್ಟು ದೊರೆಸಾನಿಯ ರಿಕ್ಷಾವನ್ನು ಎಳೆಯುತ್ತಲೇ ಇದ್ದಾರೆ. ದೆವ್ವವಾದ ಮೇಲೂ ಕೆಲಸದಿಂದ ಬಿಡುಗಡೆಯಿಲ್ಲ! ಅವರೇಕೆ ದೆವ್ವವಾದರು, ಅವರಿಗೆ ಯಾರ ಮೇಲೆ ಸಿಟ್ಟಿರಬಹುದು ಎಂದು ಕಥೆ ಕೇಳುವುದಿಲ್ಲ. ಅಂದು ತರಗತಿಯಲ್ಲಿದ್ದ ನಾವೂ ಕೇಳಲಿಲ್ಲ.

ಮಾಥೇರಾನಿನ ಮಣ್ಣು ಯಾರು ಹೊತ್ತರು ಎಂಬುದನ್ನಷ್ಟೇ ಅಲ್ಲ, ಯಾರು ತಿರುಗಿ ನಿಂತರು ಎಂಬುದನ್ನೂ ಕಂಡಿದೆ. ವಿಠ್ಠಲ ಲಕ್ಷ್ಮಣ ಕೋತ್ವಾಲ್, ಜನರ ಬಾಯಲ್ಲಿ ಭಾಯಿ ಕೋತ್ವಾಲ್, ಹುಟ್ಟಿದ್ದು ಇಲ್ಲಿಯೇ, 1912ರ ಡಿಸೆಂಬರ್ 1ರಂದು, ಕ್ಷೌರಿಕ ವೃತ್ತಿಯ ಕುಟುಂಬದಲ್ಲಿ. ಕಾನೂನು ಓದಿ ವಕೀಲರಾದರು; ಮಾಥೇರಾನ್ ಪುರಸಭೆಯ ಉಪಾಧ್ಯಕ್ಷರಾದರು; ಸುತ್ತಲಿನ ಬಡ ರೈತರಿಗಾಗಿ ಧಾನ್ಯದ ಸಂಗ್ರಹ, ಮಕ್ಕಳಿಗಾಗಿ ಶಾಲೆ ಎಂದು ದುಡಿದರು. 1942ರ ಚಲೇಜಾವ್ ಚಳವಳಿಯಲ್ಲಿ ಭೂಗತರಾಗಿ ‘ಆಜಾದ್ ದಸ್ತಾ’ ಎಂಬ ತಂಡ ಕಟ್ಟಿ, ಮುಂಬಯಿಗೆ ವಿದ್ಯುತ್ತು ಒಯ್ಯುವ ಕಂಬಗಳನ್ನು ಉರುಳಿಸಿದರು. 1943ರ ಜನವರಿ 2ರ ಬೆಳಗಿನ ಜಾವ ಸಿದ್ಧಗಡದ ಕಾಡಿನಲ್ಲಿ ಪೊಲೀಸರು ಸುತ್ತುವರಿದಾಗ ಅವರೂ ಸಂಗಾತಿ ಹಿರಾಜಿ ಪಾಟೀಲರೂ ಗುಂಡಿಗೆ ಬಲಿಯಾದರು. ಕೋತ್ವಾಲರಿಗೆ ಆಗ ಮೂವತ್ತು ವರ್ಷ. ಸಾಹೇಬರು ತಂಪಿಗಾಗಿ ಕಟ್ಟಿಕೊಂಡ ಊರಿನ, ಸಾಹೇಬರ ಸೇವೆಗೆಂದು ಮೇಲೇರಿದ ಜನರ ನಡುವಿನಿಂದ ಇಂಥವರೊಬ್ಬರು ಎದ್ದು ಬಂದರು. ಮೂವತ್ತೆಂಟು ಪಾಯಿಂಟುಗಳನ್ನು ನೋಡಿ ಮುಗಿಸುವ ಅವಸರದಲ್ಲಿ ನಾವು ಈ ಹೆಸರಿನ ಮುಂದೆ ನಿಲ್ಲುವುದೇ ಇಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. 2003ರ ಫೆಬ್ರವರಿ 4ರಂದು ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ ಮಾಥೇರಾನ್ ಮತ್ತು ಅದರ ಸುತ್ತಲಿನ 214.73 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಆಂಬುಲೆನ್ಸ್, ಅಗ್ನಿಶಾಮಕ ವಾಹನದಂಥ ತುರ್ತು ಸೇವೆಗಳನ್ನು ಬಿಟ್ಟರೆ ಪುರಸಭೆಯ ಎಲ್ಲೆಯೊಳಗೆ ವಾಹನವಿಲ್ಲ ಎಂಬ ಹಳೆಯ ರೂಢಿಗೆ ಗಟ್ಟಿಯಾದ ಕಾನೂನಿನ ಬೆಂಬಲ ದೊರಕಿತು. ಇದು ಅತ್ಯಗತ್ಯವಾಗಿದ್ದ ಕ್ರಮ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಲೋಣಾವಳ, ಖಂಡಾಲಾಗಳು ಏನಾಗಿವೆ ಎಂಬುದನ್ನು ಕಂಡವರು ಮಾಥೇರಾನಿನ ಕಾಡು ಉಳಿದದ್ದು ಹೇಗೆಂದು ಬಲ್ಲರು. ಅಲ್ಲಿ ಇಂದಿಗೂ ಬೆಳಿಗ್ಗೆ ಎದ್ದರೆ ಹಕ್ಕಿಯ ದನಿ ಕೇಳುತ್ತದೆ. ಮರದಿಂದ ಮರಕ್ಕೆ ಹಾರುವ ಕೆಂದಳಿಲು ಕಾಣಿಸುತ್ತದೆ.

ಆದರೆ ಆ ಮೌನಕ್ಕೆ ಬೆಲೆ ತೆತ್ತವರು ಯಾರು? 2005ರ ಜುಲೈ 26ರ ಮಹಾಮಳೆಯಲ್ಲಿ ಪುಟ್ಟ ರೈಲಿನ ಹಳಿ ಅನೇಕ ಕಡೆ ಕೊಚ್ಚಿಹೋಯಿತು. ಮತ್ತೆ ಓಡಿದ್ದು 2007ರಲ್ಲಿ. 2016ರಲ್ಲಿ ಗಾಡಿ ಹಳಿ ತಪ್ಪಿದ್ದರಿಂದ ಮತ್ತೆ ನಿಂತಿತು. 2019ರ ಮಳೆಯಲ್ಲಿ ಹಾನಿಗೊಂಡ ಹಾದಿ ಸರಿಯಾಗಿ ನೇರಳ್‌ನಿಂದ ಪೂರ್ತಿ ಓಡಾಟ ಶುರುವಾದದ್ದು 2022ರ ಅಕ್ಟೋಬರಿನಲ್ಲಿ. ಯಂತ್ರ ನಿಂತಾಗಲೆಲ್ಲ ಆ ಭಾರ ಮರಳಿದ್ದು ಮನುಷ್ಯನ ಹೆಗಲಿಗೇ. ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಹೋಟೆಲಿನ ಹಾಸಿಗೆ ಎಲ್ಲವನ್ನೂ ಕುದುರೆಗಳೂ ಕೈಗಾಡಿಗಳೂ ಸಾಗಿಸಿದವು. ಊರಿನ ಮಕ್ಕಳು ಶಾಲೆಗೆ ಮೈಲಿಗಟ್ಟಲೆ ನಡೆದರು. ಗರ್ಭಿಣಿಯರೂ ಮುದುಕರೂ ಆಸ್ಪತ್ರೆಗೆ ಹೋಗುವುದೆಂದರೆ ಅದೊಂದು ಯಾತ್ರೆಯೇ ಆಗಿತ್ತು. ಪ್ರವಾಸಿಗೆ ಎರಡು ದಿನದ ಸೊಗಸಾಗಿರುವುದು ನಿವಾಸಿಗೆ ವರ್ಷದ ಮುನ್ನೂರ ಅರವತ್ತೈದು ದಿನದ ಕಷ್ಟ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ನಮಗೆ ತಿಳಿದೇ ಇದೆ. ಬೆಟ್ಟದ ಮೇಲೆಯೇ ನಿಂತಾಗಲೂ ಅದು ನುಣ್ಣಗೆ ಕಾಣುವಂತೆ ಏರ್ಪಾಡು ಮಾಡಿಕೊಳ್ಳುವುದು ಪ್ರವಾಸೋದ್ಯಮ.

ನಾನೂ ಆ ಏರ್ಪಾಡಿನ ಭಾಗವೇ. ಕೆಲವು ವರ್ಷಗಳ ಹಿಂದೆ, ಜೂನ್ ಮೊದಲ ವಾರದಲ್ಲಿ, ಧಾರವಾಡದಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಅಮನ್ ಲಾಡ್ಜಿನಿಂದ ಹೊರಡುವ ಶಟಲ್ ರೈಲು ಅಂದು ಇರಲಿಲ್ಲ. ಅಮ್ಮನಿಗೆ ಮಂಡಿನೋವು, ಕುದುರೆ ಏರುವುದು ಸಾಧ್ಯವಿಲ್ಲ. ಬೇರೆ ದಾರಿ ಕಾಣದೆ ಕೈರಿಕ್ಷಾ ಗೊತ್ತುಮಾಡಿದೆ. ಒಬ್ಬರು ಮುಂದೆ ಎಳೆಯಲು, ಇಬ್ಬರು ಹಿಂದೆ ನೂಕಲು. ಮುಂದಿದ್ದವರಿಗೆ ಐವತ್ತರ ಮೇಲಿನ ವಯಸ್ಸು, ನನಗಿಂತ ಹಿರಿಯರು. ಮೊದಲ ಏರು ಬಂದಾಗ ಅವರ ಉಸಿರಿನ ಸದ್ದು ಜೋರಾಯಿತು. ಅಮ್ಮ ಚಡಪಡಿಸಿ, ‘ನಿಂದ್ರಸು ತಮ್ಮಾ, ಈ ಏರು ನಾ ನಡೀತೀನಿ’ ಎಂದಳು. ಮಾತು ತಿಳಿಯದಿದ್ದರೂ ಅಭಿಪ್ರಾಯ ಅವರಿಗೆ ತಿಳಿಯಿತು. ‘ಬಸಾ ಆಯಿ, ಬಸಾ’ ಎಂದು ಕೂರಿಸಿದರು. ವಿಶ್ರಾಂತಿಗೆ ನಿಂತಾಗ ಬೆವರು ಒರೆಸಿಕೊಳ್ಳುತ್ತ ಹೇಳಿದರು: ಸೀಸನ್ ಮುಗಿಯಲು ಇನ್ನು ಎಂಟು ದಿನ, ಮಳೆ ಹಿಡಿದರೆ ಹೋಟೆಲುಗಳು ಬಾಗಿಲು ಹಾಕುತ್ತವೆ, ಆಮೇಲೆ ಸವಾರಿ ಯಾರು ಬರುತ್ತಾರೆ? ನೀವು ಇಳಿದು ನಡೆದರೆ ನಮಗೇನು ಲಾಭ?

ಅಂದು ನಾನು ತಲೆ ತಗ್ಗಿಸಿಕೊಂಡು ರಿಕ್ಷಾದ ಪಕ್ಕದಲ್ಲಿ ನಡೆದೆ. ಹಣ ಕೊಟ್ಟು ಕೂರಿಸುವುದು ಅಮಾನವೀಯ ಎಂದು ತೋರಿತು. ಕೂರಿಸದೆ ಹೋದರೆ ಅವರ ಒಲೆ ಉರಿಯುವುದಿಲ್ಲ ಎಂಬುದೂ ಅಷ್ಟೇ ನಿಜವಾಗಿತ್ತು. ಅಡ್ಡಪಲ್ಲಕ್ಕಿಯ ಬಗ್ಗೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ವಾದವಿವಾದ ನಡೆದಿದೆ. ಅಲ್ಲಿ ಹೊರುವವರು ಭಕ್ತಿಯಿಂದ ಹೊರುತ್ತೇವೆ ಎನ್ನುತ್ತಾರೆ. ಇಲ್ಲಿ ಭಕ್ತಿಯ ಹೆಸರೂ ಇಲ್ಲ. ಹಸಿವಿನ ಹೆಸರು ಮಾತ್ರ ಇದೆ. ಹಸಿವೆಯಿಂದ ಒಪ್ಪಿಕೊಂಡ ಕೆಲಸವನ್ನು ಸ್ವಇಚ್ಛೆಯ ಕೆಲಸ ಎನ್ನಬಹುದೇ ಎಂಬ ಪ್ರಶ್ನೆ ನನ್ನೊಳಗೆ ಅಂದಿನಿಂದ ಉಳಿಯಿತು.

ಆ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬ್ಯಾಟರಿಯಿಂದ ಓಡುವ, ಹೊಗೆಯಿಲ್ಲದ, ಸದ್ದಿಲ್ಲದ ಇ-ರಿಕ್ಷಾಗಳಿಗೆ ಅನುಮತಿ ಕೊಡಬೇಕೆಂದು ರಿಕ್ಷಾ ಎಳೆಯುವವರೂ ಊರಿನ ಅನೇಕರೂ ಕೇಳಿದರು. ಕುದುರೆಯವರು ವಿರೋಧಿಸಿದರು, ಪರವಾನಗಿ ಪಡೆದ ಕುದುರೆಗಳು ಸುಮಾರು 460, ಕೈರಿಕ್ಷಾಗಳು 94 ಎನ್ನುವ ಊರಿನಲ್ಲಿ ಅವರ ಭಯವೂ ಹೊಟ್ಟೆಪಾಡಿನ ಭಯವೇ. ಇಂದು ಇ-ರಿಕ್ಷಾ, ನಾಳೆ ಕಾರು ಎಂದು ಪರಿಸರದ ಕಾಳಜಿಯುಳ್ಳವರು ಎಚ್ಚರಿಸಿದರು. ಆ ಎಚ್ಚರಿಕೆಯನ್ನೂ ತಳ್ಳಿಹಾಕುವಂತಿಲ್ಲ. ಗಾಲಿ ಉರುಳಲು ಹಾಸುವ ಕಲ್ಲುಗಳು ಕೆಂಪು ಮಣ್ಣಿನ ದಾರಿಯನ್ನು ಮುಚ್ಚಿದರೆ ಮುಂದಿನ ಹೆಜ್ಜೆ ಸುಲಭ. 2022ರಲ್ಲಿ ನ್ಯಾಯಾಲಯ ಪ್ರಾಯೋಗಿಕವಾಗಿ ಇ-ರಿಕ್ಷಾ ಓಡಿಸಲು ಒಪ್ಪಿತು. ಆ ಡಿಸೆಂಬರಿನಲ್ಲಿ ಅವು ಓಡಿದವು. 2024ರಲ್ಲಿ, ಸದ್ಯಕ್ಕೆ 20 ಇ-ರಿಕ್ಷಾಗಳು ಮಾತ್ರ ಇರಲಿ, ಅವು ಕೈರಿಕ್ಷಾ ಎಳೆಯುವವರಿಗೇ ಸಿಗಲಿ ಎಂದಿತು.

2025ರ ಆಗಸ್ಟ್ 6ರಂದು ಮುಖ್ಯ ನ್ಯಾಯಮೂರ್ತಿ ಬಿ. ಆರ್. ಗವಾಯಿಯವರ ನೇತೃತ್ವದ ಪೀಠ ಇನ್ನೂ ಸ್ಪಷ್ಟವಾಗಿ ನುಡಿಯಿತು. ಮನುಷ್ಯನನ್ನು ಮನುಷ್ಯ ಎಳೆಯುವ ಪದ್ಧತಿ ಸಂವಿಧಾನ ಭರವಸೆ ಕೊಟ್ಟ ಘನತೆಗೆ ವಿರುದ್ಧ. ಆರು ತಿಂಗಳಲ್ಲಿ ಅದು ಮಾಥೇರಾನಿನಲ್ಲಿ ಹಂತಹಂತವಾಗಿ ನಿಲ್ಲಬೇಕು. ಗುಜರಾತಿನ ಕೇವಡಿಯಾದ ಮಾದರಿಯಲ್ಲಿ ರಾಜ್ಯ ಸರ್ಕಾರ ಇ-ರಿಕ್ಷಾಗಳನ್ನು ಒದಗಿಸಬೇಕು. ಹಣವಿಲ್ಲ ಎಂಬುದು ನೆಪವಾಗಬಾರದು. ದಸ್ತುರಿ ನಾಕಾದಿಂದ ಪೇಟೆಯ ಶಿವಾಜಿ ಪ್ರತಿಮೆಯವರೆಗೆ ಮಾತ್ರ ಹಾಸುಗಲ್ಲು, ಒಳಗಿನ ದಾರಿಗಳಿಗೂ ಚಾರಣದ ಹಾದಿಗಳಿಗೂ ಬೇಡ ಎಂದು ಕಾಡಿನ ಪಾಲನ್ನೂ ಪೀಠ ಮರೆಯಲಿಲ್ಲ. ತೀರ್ಪು ನೆನೆದದ್ದು 1980ರ ಆಜಾದ್ ರಿಕ್ಷಾ ಪುಲ್ಲರ್ಸ್ ಯೂನಿಯನ್ ಪ್ರಕರಣವನ್ನು. ಪಂಜಾಬಿನ ಸೈಕಲ್ ರಿಕ್ಷಾದವರ ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೀ ನಿಷೇಧದ ಮಾತಾಡಿರಲಿಲ್ಲ. ರಿಕ್ಷಾ ತುಳಿಯುವವನೇ ಸಾಲ ಪಡೆದು ಅದರ ಒಡೆಯನಾಗುವ ದಾರಿಯನ್ನು ತೋರಿಸಿದ್ದರು. ಅದಾಗಿ 45 ವರ್ಷಗಳ ಮೇಲೆ ಮತ್ತೆ ಅದನ್ನೇ ಹೇಳಬೇಕಾಗಿ ಬಂದದ್ದು ನಮ್ಮೆಲ್ಲರ ಸಂಕೋಚದ ವಿಷಯ.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಾಥೇರಾನಿನಲ್ಲಿ ಪ್ರತಿಸಲ ಹೊಸ ವಾಹನ ಬಂದಾಗಲೂ ಹೊರೆ ಬದಲಾಯಿತು, ಒಡೆತನ ಬದಲಾಗಲಿಲ್ಲ. ಪಲ್ಲಕ್ಕಿ ಹೊತ್ತವರು ರೈಲಿನ ಪಾಲುದಾರರಾಗಲಿಲ್ಲ. ರೈಲಿನ ಹಳಿಗೆ ಕಲ್ಲು ಒಡೆದವರ ಮಕ್ಕಳು ಹೋಟೆಲುಗಳ ಒಡೆಯರಾಗಲಿಲ್ಲ. ಆದ್ದರಿಂದ ಇ-ರಿಕ್ಷಾ ಬೇಕೆ ಬೇಡವೆ ಎಂಬುದಕ್ಕಿಂತ ಅದರ ಕೀಲಿಕೈ ಯಾರ ಜೇಬಿನಲ್ಲಿರುತ್ತದೆ ಎಂಬುದು ದೊಡ್ಡ ಪ್ರಶ್ನೆ. ಗುತ್ತಿಗೆದಾರನ ಜೇಬಿಗೆ ಹೋದರೆ, ನಿನ್ನೆ ಎಳೆದವರು ನಾಳೆ ಊರನ್ನೇ ಬಿಡಬೇಕಾಗುತ್ತದೆ; ನಮ್ಮ ಆತ್ಮಸಾಕ್ಷಿ ಹಗುರಾಗುತ್ತದೆ, ಅವರ ಬದುಕಲ್ಲ. ಅವರ ಕೈಗೇ ಸಿಕ್ಕರೆ, ಮೋಟಾರಿಲ್ಲದ ಊರು ಎಂಬ ಹಿರಿಮೆ ಕೊಂಚ ಮುಕ್ಕಾದರೂ ಊರಿಗೆ ಅದಕ್ಕಿಂತ ದೊಡ್ಡದೊಂದು ಹಿರಿಮೆ ಸಲ್ಲುತ್ತದೆ.

ತೀರ್ಪಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ಧಾರವಾಡಕ್ಕೆ ಫೋನು ಮಾಡಿ ಅಮ್ಮನಿಗೆ ಹೇಳಿದೆ. ಆ ಪ್ರವಾಸದ ಪಾಯಿಂಟುಗಳ ಹೆಸರು ಅವಳಿಗೆ ಒಂದೂ ನೆನಪಿಲ್ಲ. ರಿಕ್ಷಾದ ಮುಂದಿದ್ದವರಿಗೆ ಇಬ್ಬರು ಹೆಣ್ಣುಮಕ್ಕಳು, ಹಿರಿಯಳು ಕರ್ಜತ್‌ನಲ್ಲಿ ಓದುತ್ತಿದ್ದಳು ಎಂಬುದು ಮಾತ್ರ ನೆನಪಿದೆ. ಭಾಷೆ ಬಾರದ ಅವಳು ಅದನ್ನೆಲ್ಲ ಯಾವಾಗ ಕೇಳಿಕೊಂಡಳೋ ನಾನರಿಯೆ. ಸಂವಿಧಾನ, ಘನತೆ, ಆರು ತಿಂಗಳ ಗಡುವು ಎಂದು ನಾನು ಹೇಳಿದ್ದನ್ನೆಲ್ಲ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದಳು: ‘ಹೊಸಾ ಗಾಡಿ ಆ ಮನಶ್ಯಾಗ ಕೊಟ್ಟಾರೋ ಇಲ್ಲೋ?’

ಗೊತ್ತಿಲ್ಲ ಎಂದೆ. ಮುಂದಿನ ಸಲ ಹೋದಾಗ ನೋಡಬೇಕಾದ ಮೊದಲ ಪಾಯಿಂಟು ಅದೇ.